ಶ್ಯಾನನ್ ಸೂಚ್ಯಂಕ 2.1 ಅಂದರೆ ಕೆರೆ ಚೆನ್ನಾಗಿದೆಯೋ, ಕೆಟ್ಟಿದೆಯೋ?

ಕೆರೆಗಳ ಬಗ್ಗೆ ಬರುವ ಪ್ರಾಜೆಕ್ಟ್ ವರದಿಗಳಲ್ಲಿ ಪ್ರಾಣಿಪ್ಲವಕಗಳ (ನೀರಿನಲ್ಲಿ ತೇಲಾಡುವ ಅತಿ ಸಣ್ಣ ಪ್ರಾಣಿಗಳ) ಅಧ್ಯಾಯ ಎಷ್ಟೋ ಸಲ ಒಂದೇ ಅಂಕಿಯಲ್ಲಿ ಮುಗಿದುಹೋಗುತ್ತದೆ. ಶ್ಯಾನನ್ ಸೂಚ್ಯಂಕ (ಎಷ್ಟು ಬಗೆಯ ಜೀವಿಗಳು, ಎಷ್ಟು ಸಮವಾಗಿ ಇವೆ ಎಂಬ ವೈವಿಧ್ಯದ ಅಳತೆ) ಇಷ್ಟು, ಆದ್ದರಿಂದ ಕೆರೆ ಮಧ್ಯಮ ಮಲಿನ. ಮೈಸೂರಿನ ಕೆರೆಗಳ ಮಟ್ಟಿಗಾದರೂ ಈ ರೂಢಿ ನಿಲ್ಲಬೇಕು.

1ಕ್ಕಿಂತ ಕಡಿಮೆಯಿದ್ದರೆ ತೀವ್ರ ಮಲಿನ, 3 ದಾಟಿದರೆ ಶುದ್ಧ ಎಂಬ ಅಳತೆ ವಿಲ್ಮ್ ಮತ್ತು ಡಾರಿಸ್ 1968ರಲ್ಲಿ ಕೊಟ್ಟದ್ದು. ಅದು ಹರಿಯುವ ನೀರಿನ ತಳದ ಜೀವಿಗಳಿಗೆ, 2ರ ಆಧಾರದ ಲಾಗ್ ಹಿಡಿದು ಮಾಡಿದ ಲೆಕ್ಕ. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವುದು ಸ್ವಾಭಾವಿಕ ಲಾಗ್. ಇದರಲ್ಲಿ 2.1 ಬಂದ ಮಾದರಿ ಅದರಲ್ಲಿ 3.03 ಆಗುತ್ತದೆ. ಅದೇ ನೀರು ಇಲ್ಲಿ ಮಲಿನ, ಅಲ್ಲಿ ಶುದ್ಧ! ಸ್ವಾಭಾವಿಕ ಲಾಗ್‌ನಲ್ಲಿ 20 ಪ್ರಭೇದಗಳು ಸಮಸಮವಾಗಿದ್ದರೂ 3 ಮುಟ್ಟುವುದಿಲ್ಲ.

ನೋಡಬೇಕಾದ್ದು ಯಾವ ಜೀವಿಗಳಿವೆ, ಅವುಗಳ ಗಾತ್ರವೆಷ್ಟು ಎಂಬುದನ್ನು. ಬ್ರಾಕಿಯೋನಸ್ ಕ್ಯಾಲಿಸಿಫ್ಲೋರಸ್, ಬ್ರಾಕಿಯೋನಸ್ ಆಂಗ್ಯುಲಾರಿಸ್, ಫಿಲಿನಿಯಾದಂಥ ರೋಟಿಫರ್‌ಗಳೇ (ಸೂಕ್ಷ್ಮ ಚಕ್ರಜೀವಿಗಳೇ) ತುಂಬಿಕೊಂಡು ಜೊತೆಗೆ ಮೊಯಿನಾ ಎಂಬ ನೀರುಚಿಗಟ ಹೆಚ್ಚಿದ್ದರೆ, ಯುಜಿಡಿ (ಒಳಚರಂಡಿ) ನೀರು ಎಲ್ಲಿಂದ ನುಗ್ಗುತ್ತಿದೆ ಎಂದು ಮೊದಲು ಹುಡುಕಿ. ಆದರೆ ಡಯಾಫಾನೊಸೋಮ, ಡಾಫ್ನಿಯಾದಂಥ ದೊಡ್ಡ ನೀರುಚಿಗಟಗಳು ಕಾಣದಿದ್ದ ಮಾತ್ರಕ್ಕೆ ಕೊಳಚೆಯನ್ನೇ ದೂರಬೇಡಿ. ಕಾಟ್ಲಾ ಮೇಲ್ನೀರಿನ ಪ್ಲವಕ ತಿಂದೇ ಬೆಳೆಯುವ ಮೀನು. ಮರಿಗಳನ್ನು ಮಿತಿಮೀರಿ ಬಿಟ್ಟರೆ, ಮೇಲೆ ಜಿಲೇಬಿ ಮೀನೂ ಸೇರಿಕೊಂಡರೆ, ಮೊದಲು ಖಾಲಿಯಾಗುವುದು ಈ ದೊಡ್ಡವೇ. ಪಾಚಿ ಮೇಯುವ ಇವು ಹೋದ ಮೇಲೆ ನೀರು ಹಸಿರಾಗುತ್ತದೆ. ಆಗ ಪೈಪ್ ಎಷ್ಟು ರಿಪೇರಿ ಮಾಡಿಸಿದರೂ ಸಾಲದು, ಮೀನು ಕಡಿಮೆ ಮಾಡಬೇಕು. ಕೊಳಚೆಯೋ ಮೀನೋ ಎಂಬುದನ್ನು ಸೂಚ್ಯಂಕ ಹೇಳುವುದಿಲ್ಲ, ಪ್ರಭೇದಗಳ ಪಟ್ಟಿ ಹೇಳುತ್ತದೆ.

ಪಟ್ಟಿ ನಂಬುವಂತಿರಬೇಕಾದರೆ ಮಾದರಿ ಸರಿಯಿರಬೇಕು. ಬಿಸಿಲೇರಿದಂತೆ ಎಷ್ಟೋ ಜೀವಿಗಳು ಕೆಳಗಿಳಿಯುತ್ತವೆ, ಹಾಗಾಗಿ ಪ್ರತಿಸಲವೂ ಬೆಳಿಗ್ಗೆ 7ರಿಂದ 9ರೊಳಗೆ. ಏರಿಯ ಪಕ್ಕ, ನೀರು ಬಂದು ಸೇರುವ ಕಡೆ, ನಡುನೀರು, ಮೂರೂ ಬೇಕು. ಜೊಂಡಿನ ನಡುವಿನದು ಬೇರೆ ಬಾಟಲಿಗೆ. 60 ಮೈಕ್ರಾನ್ ಬಲೆಯನ್ನು ಎಳೆಯಬೇಡಿ. ಪಾಚಿ ಕಟ್ಟಿದ ಕೆರೆಯಲ್ಲಿ ಬಲೆಯ ಕಣ್ಣು ಮುಚ್ಚಿಕೊಂಡು ನೀರು ಬಾಯಿಂದಲೇ ಹೊರಚೆಲ್ಲುತ್ತದೆ, ಲೀಟರ್ ಲೆಕ್ಕ ಸುಳ್ಳಾಗುತ್ತದೆ. ಬಕೆಟ್‌ನಲ್ಲಿ ಅಳೆದು 50 ಲೀಟರ್ ಬಲೆಗೆ ಸುರಿಯಿರಿ. 20ಕ್ಕೇ ಕಟ್ಟಿಕೊಂಡರೆ ಅಲ್ಲೇ ನಿಲ್ಲಿಸಿ, 20 ಎಂದೇ ಬರೆಯಿರಿ.

ಬಲೆಯಲ್ಲಿ ಉಳಿದದ್ದನ್ನು 45 ಮಿ.ಲೀ.ಗೆ ಇಳಿಸಿ, ಅಂಗಡಿಯ ಫಾರ್ಮಲಿನ್ 5 ಮಿ.ಲೀ., ಸಕ್ಕರೆ 2 ಗ್ರಾಂ ಹಾಕಿ. ಸಕ್ಕರೆ ಬಿಟ್ಟರೆ ಕ್ಲಾಡೊಸೆರಾಗಳ (ಡಾಫ್ನಿಯಾ, ಮೊಯಿನಾ ಗುಂಪಿನವುಗಳ) ಚಿಪ್ಪು ಉಬ್ಬಿ, ಮೊಟ್ಟೆ ಉದುರಿ, ಗುರುತು ಕೆಡುತ್ತದೆ. ಕವಚವಿಲ್ಲದ ರೋಟಿಫರ್‌ಗಳು ಫಾರ್ಮಲಿನ್‌ನಲ್ಲಿ ಮುದುಡುವುದರಿಂದ ಸ್ವಲ್ಪ ಹಸಿ ಮಾದರಿಯನ್ನು ಅಂದೇ ನೋಡಬೇಕು. ಚೆನ್ನಾಗಿ ಕಲಕಿ, 1 ಮಿ.ಲೀ.ಯನ್ನು ಸೆಡ್ಜ್‌ವಿಕ್-ರಾಫ್ಟರ್ ಸೆಲ್ ಎಂಬ ಎಣಿಕೆಯ ಗಾಜಿನಲ್ಲಿ ಎಣಿಸಿ. ಅದರಲ್ಲಿ 40 ಸಿಕ್ಕರೆ 40ನ್ನು ಬಾಟಲಿಯ 50 ಮಿ.ಲೀ.ಯಿಂದ ಗುಣಿಸಿ, ಸೋಸಿದ 50 ಲೀಟರ್‌ನಿಂದ ಭಾಗಿಸಿ: ಲೀಟರಿಗೆ 40. ಕೋಪೆಪಾಡ್ ಎಂಬ ಇನ್ನೊಂದು ಪ್ಲವಕ ಗುಂಪಿನ ಮರಿಗಳಾದ ನಾಪ್ಲಿಯಸ್‌ಗಳನ್ನು ಪ್ರತ್ಯೇಕ ಪ್ರಭೇದವೆಂದು ಸೇರಿಸಬೇಡಿ, ವೈವಿಧ್ಯ ಸುಮ್ಮನೆ ಏರುತ್ತದೆ.

ಮಳೆ ಬಂದಾಗ ನೀರು ತೆಳುವಾಗಿ ಸಂಖ್ಯೆ ಇಳಿಯುತ್ತದೆ, ಬೇಸಿಗೆಯಲ್ಲಿ ರೋಟಿಫರ್ ಏರಬಹುದು. ಒಂದು ತಿಂಗಳ ಮಾದರಿಯಿಂದ ತೀರ್ಪು ಸಲ್ಲದು. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ, ಪ್ರಾಣಿಶಾಸ್ತ್ರ ವಿಭಾಗವೂ ಅಲ್ಲೇ ಇದೆ. ಅಲ್ಲಿಂದಲೇ ಶುರುವಾಗಲಿ, ಲಿಂಗಾಂಬುಧಿಗೂ ದಳವಾಯಿ ಕೆರೆಗೂ ಬರಲಿ: ತಿಂಗಳಿಗೊಂದು ಎಣಿಕೆ, ವರ್ಷಕ್ಕೆ 12. ವರದಿಯಲ್ಲಿ ಸೂಚ್ಯಂಕದ ಪಕ್ಕ ಯಾವ ಲಾಗ್ ಎಂದು ಬರೆಯಲಿ, ಪ್ರತಿ ಪ್ರಭೇದದ ಮೂಲ ಎಣಿಕೆಯ ಕೋಷ್ಟಕವನ್ನೂ ಲಗತ್ತಿಸಲಿ.