ಭಾವನ ನೌಕಾನೆಲೆ

ಕಾರವಾರದಲ್ಲಿ ಯುದ್ಧನೌಕೆಯ ಬಗ್ಗೆ ಏನೂ ಗೊತ್ತಿಲ್ಲದವರನ್ನು ಹುಡುಕಿ ತರುವುದು ಕಷ್ಟ. ಬಂಗುಡೆ ಮಾರುವವರಿಂದ ಹಿಡಿದು ರಿಕ್ಷಾ ಓಡಿಸುವವರವರೆಗೆ ಎಲ್ಲರೂ ಕಡಲಂಚಿನ ಬೂದು ಚುಕ್ಕೆಯೊಂದನ್ನು ನೋಡಿ ಅದರ ಹೆಸರು, ತೂಕ, ಬಂದ ದಿನ, ಹೊರಡುವ ದಿನ ಎಲ್ಲವನ್ನೂ ಹೇಳಿಬಿಡುತ್ತಾರೆ. ಸರಿಯಾಗಿ ಹೇಳುತ್ತಾರೆ ಎಂದು ನಾನು ಎಲ್ಲಿ ಹೇಳಿದೆ? ನಾವು ಶಿರಸಿಯವರು ಘಟ್ಟದ ಮೇಲೆ ಕೂತು ಅಡಿಕೆ ದರದ ಚಿಂತೆ ಮಾಡುವವರು, ನಮಗೂ ಕಡಲಿಗೂ ಏನು ಸಂಬಂಧ ಎಂದು ಯಾರೂ ಕೇಳುವಂತಿಲ್ಲ. 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟರಲ್ಲ, ಆ ಕದಂಬರ ರಾಜಧಾನಿ ಬನವಾಸಿ ಇರುವುದು ನಮ್ಮ ತಾಲೂಕಿನಲ್ಲಿ. "ಲೆಕ್ಕ ಹಿಡಿದರೆ ಆ ಹಡಗುಗಳೆಲ್ಲ ನಮ್ಮವೇ, ನಿಲ್ಲಿಸುವುದಕ್ಕೆ ಜಾಗ ಇಲ್ಲವೆಂದು ಕಾರವಾರದಲ್ಲಿ ಇಟ್ಟಿದ್ದೇವೆ" ಎನ್ನುವುದು ನಮ್ಮ ಚಿಕ್ಕಪ್ಪನ ವಾದ.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ನೌಕಾಪಡೆಯಿಂದ ನಿವೃತ್ತರಾಗಿ ಬಿಣಗಾದಲ್ಲಿ ಹಂಚಿನ ಮನೆಯೊಂದನ್ನು ಕೊಂಡು ನೆಲೆಸಿದ್ದಾರೆ. ನೌಕಾಪಡೆಯವರು ಎಂದರೆ ಕ್ಷಿಪಣಿ, ಫಿರಂಗಿ ಎಂದು ಮಾತನಾಡುತ್ತಾರೆ ಎಂದು ನಂಬಿದ್ದ ನಮಗೆಲ್ಲ ಅವರು ನಿರಾಸೆ ಮಾಡಿದರು. ಅವರ ಮಾತು ತುಕ್ಕು, ಸಿಹಿನೀರು, ನಿದ್ದೆ, ಊಟ ಇಷ್ಟರಲ್ಲೇ ಸುತ್ತುತ್ತದೆ. ವೈರಿ ಎಂದಾದರೊಮ್ಮೆ ಬರುತ್ತಾನೆ, ತುಕ್ಕು ದಿನಾ ಬರುತ್ತದೆ ಎನ್ನುತ್ತಾರೆ. ಅದನ್ನು ಒಪ್ಪೋಣ. ಆದರೆ ಈ ನಿತ್ಯದ ತಾಪತ್ರಯಗಳಿಗೆ ಸೇನೆ ಕಂಡುಕೊಂಡ ಉಪಾಯಗಳನ್ನೆಲ್ಲ ಅವರು ಪೆಟ್ಟಿಗೆ ಸಮೇತ ಮನೆಗೆ ತಂದರು.

ಮೊದಲ ಪ್ರಯೋಗ ನಡೆದದ್ದು ಆಷಾಢದ ಮಳೆಯಲ್ಲಿ. ಮಾಡು ಸೋರುತ್ತಿತ್ತು, ಕೆಳಗೆ ಬಾಲ್ದಿ ಇಟ್ಟಿದ್ದೆವು. ರಾತ್ರಿ ಅದನ್ನು ಯಾರಾದರೂ ಎದ್ದು ಚೆಲ್ಲಿ ಬರಬೇಕು. ಉಳಿದ ಮನೆಗಳಲ್ಲಾದರೆ ಎಚ್ಚರವಾದವರು ಚೆಲ್ಲುತ್ತಾರೆ. ಭಾವ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಪಹರೆಯ ಪಟ್ಟಿ ಬರೆದರು. ಹಡಗಿನಲ್ಲಿ ನಾಲ್ಕು ನಾಲ್ಕು ಗಂಟೆಯ ಪಾಳಿ ಇರುತ್ತದೆಯಂತೆ. ಹಾಗೆ ಮಾಡಿದರೆ ದಿನಕ್ಕೆ ಆರು ಪಾಳಿ, ಇರುವುದು ಎರಡು ಅಥವಾ ಮೂರು ತಂಡ. ಲೆಕ್ಕ ಸರಿಯಾಗಿ ಭಾಗವಾಗಿ, ನಡುರಾತ್ರಿ ಎದ್ದವನೇ ದಿನಾ ನಡುರಾತ್ರಿ ಏಳಬೇಕು. ಅದಕ್ಕಾಗಿ ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಎರಡು ತುಂಡು ಮಾಡಿ ಒಟ್ಟು ಏಳು ಮಾಡಿಕೊಂಡರು. ಏಳನ್ನು ಎರಡರಿಂದಲೂ ಭಾಗಿಸಲಾಗದು, ಮೂರರಿಂದಲೂ ಆಗದು. ಪಾಳಿ ತಾನಾಗಿಯೇ ದಿನ ದಿನ ಜಾರುತ್ತದೆ. ಹಾಯಿ ಹಡಗಿನ ಕಾಲದ ಈ ಜಾಣತನಕ್ಕೆ ನಾನು ಈಗಲೂ ತಲೆದೂಗುತ್ತೇನೆ. ಬಾಲ್ದಿಗೂ ಇದು ಬೇಕಿತ್ತೇ ಎನ್ನುವುದಷ್ಟೇ ತಕರಾರು.

ಪಟ್ಟಿಯ ಜೊತೆಗೆ ಗಂಟೆಯೂ ಬಂತು. ಹಡಗಿನಲ್ಲಿ ಪಾಳಿ ಶುರುವಾದ ಮೇಲೆ ಅರ್ಧ ಗಂಟೆಗೆ ಒಂದು ಪೆಟ್ಟು, ಒಂದು ಗಂಟೆಗೆ ಎರಡು, ಹೀಗೆ ಏರುತ್ತಾ ಪಾಳಿ ಮುಗಿಯುವಾಗ ಎಂಟು. ದೇವರ ಕೋಣೆಯ ಕಂಚಿನ ಗಂಟೆ ಜಗಲಿಗೆ ವರ್ಗವಾಯಿತು. ಬೆಳಗಿನ ಜಾವ ಮೂರೂವರೆಗೆ ಭಾವ ಏಳು ಪೆಟ್ಟು ಹೊಡೆದದ್ದೇ ತಡ, ಶಿರಸಿಯಿಂದ ಬಂದಿದ್ದ ನಮ್ಮ ಆಯಿ ತನ್ನನ್ನು ಬಿಟ್ಟೇ ಪೂಜೆ ಶುರುವಾಯಿತೆಂದು ಗಾಬರಿಯಾಗಿ ಎದ್ದು, ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲೇ ದೀಪ ಹಚ್ಚಿದಳು. ಎದುರುಮನೆಯವರು ಯಾರಿಗೋ ಏನೋ ಆಯಿತೆಂದು ಬ್ಯಾಟರಿ ಹಿಡಿದು ಬಂದರು. ಬಂದವರಿಗೆ ಏಳು ಪೆಟ್ಟಿನ ಅರ್ಥವನ್ನು ಭಾವ ಸಾವಧಾನವಾಗಿ ವಿವರಿಸುತ್ತಿದ್ದಾಗ ಒಳಗೆ ಬಾಲ್ದಿ ತುಂಬಿ ಹರಿದು ಕುಚ್ಚಲಕ್ಕಿಯ ಚೀಲದ ಬುಡಕ್ಕೆ ನೀರು ಮುಟ್ಟಿತು.

"ಒಂದು ಹಂಚು ಬದಲಿಸಿದ್ದರೆ ಆಗುತ್ತಿತ್ತು" ಎಂದಳು ಆಯಿ. ಪಟ್ಟಿಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಮಳೆ ಹೊಳವಾದ ಮೇಲೆ ಚಿಕ್ಕಪ್ಪ ತನ್ನ ಹಡಗುಗಳನ್ನು ನೋಡಲು ಬಂದ. ನೌಕಾನೆಲೆಯೊಳಗೆ ಬಿಡುವುದಿಲ್ಲವಲ್ಲ, ಟಾಗೋರ್ ಕಡಲತೀರದ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆವು. ಒಳಗೆ ಕಾಲಿಟ್ಟೊಡನೆ ಚಿಕ್ಕಪ್ಪನ ಹಣೆ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. ತಲೆ ತಗ್ಗಿಸಿ ಎಂದು ಭಾವ ಹೇಳಿದ್ದು ಆಮೇಲೆ. ಎಂಟಾಳು ಒಟ್ಟಿಗೆ ನಿಂತರೆ ಉಸಿರುಗಟ್ಟುವ ಕೋಣೆಗಳು. "ಕರಾಚಿ ಸುಟ್ಟು ಬಂದ ಹಡಗಂತೆ" ಎಂದು ಚಿಕ್ಕಪ್ಪ ಹಣೆ ನೀವಿಕೊಳ್ಳುತ್ತಲೇ ಪಕ್ಕದ ಪ್ರವಾಸಿಗರಿಗೆ ಹೇಳಿದ. ಊರಿನಲ್ಲಿ ಬಹಳ ಮಂದಿ ಹೀಗೇ ನಂಬಿದ್ದಾರೆ. ಆದರೆ ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ಇದರ ಅಕ್ಕಂದಿರು: ನಿಪಾತ್, ನಿರ್ಘಾತ್, ವೀರ್. ಆ ದಿನವೇ ಇಂದಿನ ನೌಕಾಪಡೆ ದಿನ. ಆ ದೋಣಿಗಳು ಕರಾವಳಿ ಕಾಯಲೆಂದು ಕಟ್ಟಿದವು, ಅಷ್ಟು ದೂರಕ್ಕೆ ಇಂಧನ ಸಾಲದು. ಹಾಗಾಗಿ ದೊಡ್ಡ ಹಡಗುಗಳು ಅವಕ್ಕೆ ಹಗ್ಗ ಕಟ್ಟಿ ಒಂದಷ್ಟು ದೂರ ಎಳೆದುಕೊಂಡು ಹೋಗಿದ್ದವು. ನಾವಿಕರು ರಷ್ಯಾದಲ್ಲಿ ತರಬೇತಿ ಪಡೆದವರಾದ್ದರಿಂದ ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತನಾಡಿಕೊಂಡರು, ಕದ್ದು ಕೇಳುವವರಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟನ್ನೂ ಕೇಳಿದ ಚಿಕ್ಕಪ್ಪ, "ಹಾಗಾದರೆ ನನ್ನ ಹಣೆ ಒಡೆದದ್ದು ಯುದ್ಧವನ್ನೇ ಮಾಡದ ಹಡಗಿಗೋ?" ಎಂದು ಬೇಸರಪಟ್ಟ.

ಹತ್ತಿರದಲ್ಲೇ ಟ್ಯುಪೊಲೆವ್ 142 ವಿಮಾನವಿದೆ. 2017ರವರೆಗೆ ಸಮುದ್ರದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುತ್ತಾ ಹಾರುತ್ತಿದ್ದ ಜಾತಿ. ಅದರ ನಾಲ್ಕು ಎಂಜಿನ್‌ಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಪಂಖ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಇದೇಕೆ ಎಂದು ಭಾವ ವಿವರಿಸುವ ಮೊದಲೇ ಚಿಕ್ಕಪ್ಪ ತೀರ್ಮಾನ ಕೊಟ್ಟಾಗಿತ್ತು: "ಒಂದರ ಕರೆಂಟು ಹೋದರೆ ಇನ್ನೊಂದು ಇರಲಿ ಎಂದು."

ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯ ಮುಂದೆ ಮಾತ್ರ ಇಬ್ಬರೂ ಸುಮ್ಮನಾದರು. ಕಾರವಾರ ತಾಲೂಕಿನ ಚೆಂಡಿಯಾದ ಮಗ. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ನೆಲಬಾಂಬ್ ತೆಗೆಯುತ್ತಾ, ಗುಂಡಿನ ಸುರಿಮಳೆಯಲ್ಲಿ ನಮ್ಮದೇ ಟ್ಯಾಂಕಿನ ಹೊಟ್ಟೆಯಡಿ ನುಸುಳಿ, ಎರಡು ಚಕ್ರಪಟ್ಟಿಗಳ ನಡುವೆ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಾ ಮುಂದೆ ಸಾಗಿದವರು. ಟ್ಯಾಂಕ್ ಒಂದು ಗೇಣು ಆಚೀಚೆಯಾದರೂ ಮುಗಿಯಿತು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಒಬ್ಬರು. ಚಿಕ್ಕಪ್ಪ ಅಂಗೈಯನ್ನು ಪೂರ್ತಿ ಮುಂದಕ್ಕೆ ತೋರಿಸಿ ಸೆಲ್ಯೂಟ್ ಹೊಡೆದ. ಭಾವ ತಿದ್ದಲು ಹೊರಟರು: ನೌಕಾಪಡೆಯವರು ಅಂಗೈಯನ್ನು ಕೆಳಮುಖ ಮಾಡುತ್ತಾರೆ, ಹಿಂದೆ ಹಗ್ಗ ಎಳೆದು ಡಾಂಬರು ಮೆತ್ತಿದ ಕೈಯನ್ನು ಅಧಿಕಾರಿಗೆ ತೋರಿಸಬಾರದೆಂದು. ಹಲಸಿನ ಮೇಣ ಹತ್ತಿದ ಕೈಯಲ್ಲಿ ಬೀಗರಿಗೆ ನಮಸ್ಕಾರ ಮಾಡುವ ಫಜೀತಿ ಗೊತ್ತಿರುವ ನಮಗೆ ಇದು ತಟ್ಟನೆ ಅರ್ಥವಾಯಿತು. ಆದರೆ ರಾಣೆಯವರು ಭೂಸೇನೆಯವರು, ಅಲ್ಲಿ ಅಂಗೈ ಮುಂದಕ್ಕೇ ಇರಬೇಕು. ಜೀವಮಾನದಲ್ಲಿ ಮೊದಲ ಬಾರಿಗೆ ಚಿಕ್ಕಪ್ಪ ಸರಿಯಾಗಿದ್ದ. ಅದನ್ನು ಊರಿಗೆ ಹೋಗುವವರೆಗೂ ಹೇಳಿದ.

ಊರಿಗೆ ಹೋದದ್ದೂ ಒಂದು ಕಥೆಯೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕಿನವರು ಚಹಾ ಕಾಯಿಸಲು ಹೊರಗಿಳಿದು, ಡಬ್ಬದ ಮರಳಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚುತ್ತಿದ್ದರಂತೆ. ವೈರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಸೆಂಚುರಿಯನ್ ಟ್ಯಾಂಕಿನ ಕಾಲದಿಂದ ಅವರು ನೀರು ಕಾಯಿಸುವ ವಿದ್ಯುತ್ ಪಾತ್ರೆಯನ್ನು ಟ್ಯಾಂಕಿನೊಳಗೇ ಕೂರಿಸಿಬಿಟ್ಟರು. ಇದನ್ನು ಕೇಳಿದಂದಿನಿಂದ ಭಾವನಿಗೆ ತಮ್ಮ ಹಳೆಯ ಕಾರು ಟ್ಯಾಂಕಿನಂತೆಯೇ ಕಾಣತೊಡಗಿತು. ದೇವಿಮನೆ ಘಟ್ಟದಲ್ಲಿ, ಚಿಕ್ಕಪ್ಪನಿಗೆ ಚಹಾ ಕುಡಿಸಿಯೇ ತೀರುತ್ತೇನೆಂದು ಸಿಗರೇಟ್ ಲೈಟರ್ ತೂತಿಗೆ ಕೆಟಲ್ ಸಿಕ್ಕಿಸಿದರು. ಫ್ಯೂಸ್ ಹಾರಿತು, ಅದರ ಜೊತೆಗೆ ವೈಪರ್ ಸತ್ತಿತು, ಆ ಕ್ಷಣವನ್ನೇ ಕಾಯುತ್ತಿದ್ದಂತೆ ಮಳೆ ಜಡಿಯಿತು. ಚಿಕ್ಕಪ್ಪ ಕಿಟಕಿಯಿಂದ ಕೈ ಹೊರಹಾಕಿ ತನ್ನ ಪಂಚೆಯ ತುದಿಯಿಂದ ಗಾಜು ಒರೆಸುತ್ತಾ, "ಎಡಕ್ಕೆ, ಬಲಕ್ಕೆ" ಎಂದು ಕೂಗುತ್ತಾ ಕಾರನ್ನು ಘಟ್ಟ ಹತ್ತಿಸಿದ.

ಇಷ್ಟೆಲ್ಲ ಆದರೂ ಅಕ್ಕ ತುಟಿ ಬಿಚ್ಚಿರಲಿಲ್ಲ. ಹಡಗಿನಲ್ಲಿ ಶಿಳ್ಳೆ ಹಾಕಬಾರದು, ಆಜ್ಞೆಯ ಪೀಪಿಯೊಂದಿಗೆ ಕಲಸಿಹೋಗುತ್ತದೆ ಎಂದು ಭಾವ ಕುಕ್ಕರಿನ ಕೂಗಿಗೂ ಆಕ್ಷೇಪ ಎತ್ತಿದ ದಿನ ಅವಳು ಕಿವಿ ನಿಮಿರಿಸಿದಳು. ಮಾತಿನ ಭರದಲ್ಲಿ ಭಾವ ಇನ್ನೊಂದನ್ನೂ ಹೇಳಿಬಿಟ್ಟಿದ್ದರು: ಹಳೆಯ ನಾವಿಕರ ಪ್ರಕಾರ ಅಡುಗೆಯವನಿಗೆ ಮಾತ್ರ ಈ ನಿಯಮ ಇಲ್ಲ. ಅವನು ಶಿಳ್ಳೆ ಹಾಕುತ್ತಿದ್ದಾನೆ ಎಂದರೆ ಉಗ್ರಾಣದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿಲ್ಲ ಎಂದರ್ಥ. ಚೌತಿಗೆ ಗೇರುಬೀಜ ಹುರಿಯುವ ಕೆಲಸ ಪ್ರತಿವರ್ಷ ಭಾವನದ್ದು, ಅರ್ಧ ಡಬ್ಬ ಖಾಲಿಯಾಗುವುದೂ ಪ್ರತಿವರ್ಷದ್ದು. ಈ ಸಲ ಅಕ್ಕ ಬಾಣಲೆ ಕೈಗೆ ಕೊಟ್ಟು, ಶಿಳ್ಳೆ ಶುರುವಾದ ಮೇಲೆಯೇ ಜಗಲಿಗೆ ಬಂದು ಹೂವು ಕಟ್ಟಲು ಕೂತಳು. ಯಾವುದೋ ಹಳೆಯ ಹಾಡು ಪಲ್ಲವಿ ದಾಟಿ ಚರಣಕ್ಕೆ ಬಂದಿತ್ತು, ಅಷ್ಟರಲ್ಲಿ ನಿಂತಿತು.

"ಏನ್ರೀ, ಚರಣ ಮರೆತುಹೋಯಿತೇ?" ಎಂದು ಅಕ್ಕ ಕೂಗಿದಳು.

ಒಳಗಿನಿಂದ ಬಂದ ಉತ್ತರದಲ್ಲಿ ಒಂದಕ್ಷರವೂ ತಿಳಿಯಲಿಲ್ಲ.