ಶೇ. 99 ಎಂಬ ಅಂಕಿಯೂ ಕೆಟ್ಟುನಿಂತ ಒಂದು ಜೀನೂ

ಮನುಷ್ಯನ ಮತ್ತು ಚಿಂಪಾಂಜಿಯ ಡಿಎನ್‌ಎ ಶೇ. 99ರಷ್ಟು ಒಂದೇ ಎಂಬ ಮಾತು, ಜೀವವಿಕಾಸದ ಚರ್ಚೆ ಎಲ್ಲಿ ಎದ್ದರೂ ಬಂದೇ ಬರುತ್ತದೆ. ಜೀವವಿಕಾಸವನ್ನು ಒಪ್ಪುವವರ ಪಕ್ಷದಲ್ಲೇ ನಾನೂ ಇದ್ದೇನೆ. ಆದರೂ ಈ ಅಂಕಿಯನ್ನು ಬ್ರಹ್ಮಾಸ್ತ್ರದಂತೆ ಪ್ರಯೋಗಿಸುವ ಗೆಳೆಯರನ್ನು ಕಂಡಾಗ, ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕೈಯಲ್ಲೇ ಇರುವಾಗ ಇದೇಕೆ ಎನ್ನಿಸುತ್ತದೆ.

ಅಂಕಿ ಸುಳ್ಳಲ್ಲ. 2005ರಲ್ಲಿ ಕ್ಲಿಂಟ್ ಎಂಬ ಗಂಡು ಚಿಂಪಾಂಜಿಯ ಜೀನೋಮನ್ನು (ಡಿಎನ್‌ಎಯ ಪೂರ್ತಿ ಬರಹವನ್ನು) ಓದಿ, ಸುಮಾರು 300 ಕೋಟಿ ಅಕ್ಷರಗಳ, ಎಂದರೆ ಡಿಎನ್‌ಎಯ ರಾಸಾಯನಿಕ ಘಟಕಗಳ, ನಮ್ಮ ಜೀನೋಮಿನ ಪಕ್ಕದಲ್ಲಿಟ್ಟು, ಎರಡೂ ಹೊಂದಿಕೊಂಡ ಭಾಗಗಳಲ್ಲಿ ಎಣಿಸಿದಾಗ ಸುಮಾರು 3.5 ಕೋಟಿ ಸ್ಥಾನಗಳಲ್ಲಿ, ಅಂದರೆ ಶೇ. 1.23ರಷ್ಟು ಕಡೆ, ಅಕ್ಷರ ಬೇರೆಯಾಗಿತ್ತು. ‘ಹೊಂದಿಕೊಂಡ ಭಾಗಗಳಲ್ಲಿ’ ಎಂಬ ಷರತ್ತು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ತುಣುಕುಗಳನ್ನೂ ಲೆಕ್ಕಕ್ಕೆ ಹಿಡಿದ ಅಮೆರಿಕದ ಜೀವವಿಜ್ಞಾನಿ ರಾಯ್ ಬ್ರಿಟನ್ 2002ರಲ್ಲೇ ಸಾಮ್ಯ ಸುಮಾರು ಶೇ. 95 ಎಂದಿದ್ದರು. 2025ರಲ್ಲಿ ಚಿಂಪಾಂಜಿಯೂ ಸೇರಿದಂತೆ ವಾನರಗಳ ಜೀನೋಮುಗಳು ತುದಿಯಿಂದ ತುದಿಯವರೆಗೆ ಪ್ರಕಟವಾದಾಗ, ನೇರವಾಗಿ ಹೊಂದಿಸಲಾಗದ ಭಾಗವೇ ಶೇ. 12ನ್ನು ಮೀರುತ್ತದೆ ಎಂದು ಕಂಡಿತು. ಎಣಿಸುವ ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದಷ್ಟೇ ಇದರ ಅರ್ಥ. ಆದರೆ ಅಂಕಿಯೊಂದನ್ನೇ ನೆಚ್ಚಿ ವಾದ ಹೂಡಿದವರಿಗೆ ಇಲ್ಲಿ ಬಾಯಿ ಕಟ್ಟುತ್ತದೆ.

ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆ, ಅಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಮೂಲಪಾಠ ನಿರ್ಧರಿಸುವ ವಿದ್ಯೆ, ಓದಿದವರಿಗೆ ನನ್ನ ಮಾತು ಹೊಸದೆನಿಸಲಾರದು. ಒಂದು ಕಾವ್ಯದ ಎರಡು ಓಲೆಪ್ರತಿಗಳು ಒಂದೇ ಮೂಲದಿಂದ ಇಳಿದುಬಂದವು ಎನ್ನಲು, ಸರಿಯಾದ ಪಾಠ ಎಷ್ಟು ಕಡೆ ಸಮನಾಗಿದೆ ಎಂದು ಯಾರೂ ಎಣಿಸುತ್ತ ಕೂರುವುದಿಲ್ಲ. ಒಂದೇ ಪದ್ಯದ ಒಂದೇ ಪಾದದಲ್ಲಿ ಒಂದೇ ಅಕ್ಷರ ಎರಡರಲ್ಲೂ ಬಿಟ್ಟುಹೋಗಿದ್ದರೆ, ಇಬ್ಬರು ಲಿಪಿಕಾರರೂ ನೋಡಿ ಬರೆದ ಹಳೆಯ ಪ್ರತಿಯಲ್ಲೇ ಆ ಸ್ಖಾಲಿತ್ಯ ಇತ್ತು ಎಂದು ತಿಳಿಯುತ್ತೇವೆ.

ಅಂಥದೊಂದು ಸ್ಖಾಲಿತ್ಯ ನಮ್ಮ ದೇಹದಲ್ಲೂ ಇದೆ. ಹಸು, ನಾಯಿ, ಬೆಕ್ಕುಗಳು ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ನಾವು ನೆಲ್ಲಿಕಾಯಿಯನ್ನೋ ನಿಂಬೆಯನ್ನೋ ತಿನ್ನಬೇಕು, ಇಲ್ಲವಾದರೆ ಸ್ಕರ್ವಿ ಬಂದು ಒಸಡಿನಲ್ಲಿ ರಕ್ತ ಒಸರುತ್ತದೆ. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಗುಲೊ ಎಂಬ ಜೀನ್ ನಮ್ಮ ಎಂಟನೆಯ ಕ್ರೋಮೋಸೋಮಿನಲ್ಲಿ ಮುರುಕು ಮುರುಕಾಗಿ ಬಿದ್ದಿದೆ. ಚಿಂಪಾಂಜಿ, ಒರಾಂಗುಟಾನ್, ಮಕಾಕ್ ಕುಲದ ಕೋತಿಗಳಲ್ಲೂ ಅದು ಕೆಟ್ಟಿದೆ. ಅಷ್ಟೇ ಅಲ್ಲ, ಒಂದು ಅಕ್ಷರವಂತೂ ಇಷ್ಟೂ ಮಂದಿಯಲ್ಲಿ ಒಂದೇ ಸ್ಥಾನದಲ್ಲಿ ಬಿಟ್ಟುಹೋಗಿದೆ. (ಗಿನಿಯಿಲಿಗೂ ಈ ಶಕ್ತಿಯಿಲ್ಲವಲ್ಲ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ, ಅದರ ಜೀನ್ ಪ್ರತ್ಯೇಕವಾಗಿ, ಬೇರೆ ರೀತಿಯಲ್ಲಿ ಮುರಿದಿದೆ.) ಯಾರ ಉಪಯೋಗಕ್ಕೂ ಬಾರದ ಈ ತಪ್ಪು ಇಷ್ಟು ಜೀವಿಗಳಿಗೆ ಸಮಾನವಾಗಿ ಬಂದದ್ದು ಹೇಗೆಂದರೆ, ಪೂರ್ವಜರು ಒಬ್ಬರೇ ಎಂಬುದನ್ನು ಬಿಟ್ಟು ಬೇರೆ ಉತ್ತರ ನನಗೆ ತೋಚದು.

ಮನುಷ್ಯ, ವಾನರ, ಕೋತಿಗಳೆಲ್ಲ ಸೇರುವ ಪ್ರೈಮೇಟುಗಳಲ್ಲೇ ಲೀಮರ್ ಮತ್ತು ಲೋರಿಸ್‌ಗಳ ಬಳಗ ಈ ಜೀನ್ ಕೆಡುವುದಕ್ಕೆ ಮೊದಲೇ ಕವಲೊಡೆದು ಹೋದದ್ದರಿಂದ ಅದಕ್ಕೆ ಈ ತಪ್ಪು ತಗಲಲಿಲ್ಲ. ನಮ್ಮ ಕಾಡುಪಾಪ ಆ ಬಳಗದ್ದು. ತುಮಕೂರಿನ ಕಡೆಯ ಕುರುಚಲು ಕಾಡಿನಲ್ಲಿ ಅದು ರಾತ್ರಿಯೆಲ್ಲ ಹುಳುಹುಪ್ಪಟೆ ಹಿಡಿದು ತಿಂದುಕೊಂಡು ಹಣ್ಣಿನ ಹಂಗಿಲ್ಲದೆ ಇರಬಲ್ಲದು. ಬೆಳಗಾದರೆ ದೇವರಾಯನದುರ್ಗದ ಮೆಟ್ಟಿಲ ಮೇಲೆ ಬಾಳೆಹಣ್ಣು ಕಿತ್ತುಕೊಂಡು ಓಡುವ ಕೋತಿಗೂ, ಅದರ ಹಿಂದೆ ಕೂಗುತ್ತ ಓಡುವ ಭಕ್ತರಿಗೂ ಹಣ್ಣು ಬೇಕೇ ಬೇಕು.