ಸಿಟಿಲಿ ಓಡಿಸೋರಿಗೆ ಡೀಸೆಲ್ ಕಾರ್ ಮಾರುವಾಗ ಡಿಪಿಎಫ್ ವಿಷಯ ಯಾಕ್ರೀ ಬಾಯಿ ಬಿಡಲ್ಲ?

ಡಿಪಿಎಫ್ ಅಂದ್ರೆ ಡೀಸೆಲ್ ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್. ಅದು ತುಂಬಿದೆ ಅಂತ ಹೇಳೋ ಹಳದಿ ಲೈಟ್ ಈ ತಿಂಗಳಲ್ಲಿ ಮೂರನೇ ಸಲ ಬಂತು. ಭಾನುವಾರ ಬೆಳಗ್ಗೆ ಆರಕ್ಕೆ ಎದ್ದು, ಏನೂ ಕೆಲಸ ಇಲ್ದೆ ತುಮಕೂರು ರೋಡಲ್ಲಿ ದಾಬಸ್‌ಪೇಟೆ ತನಕ ಹೋಗಿ ವಾಪಸ್ ಬಂದೆ, ಟೋಲ್ ಕಟ್ಟಿ, ಡೀಸೆಲ್ ಸುಟ್ಟು, ಬರೀ ಫಿಲ್ಟರ್‌ನಲ್ಲಿ ಕೂತಿರೋ ಮಸಿ ಕಳೆಯೋಕೆ. ಮನೇಲಿ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರೆ ಏನ್ ಹೇಳ್ಲಿ?

ನನ್ನ ಆಫೀಸ್ ವಿಜಯನಗರದ ಮನೆಯಿಂದ 6 ಕಿಲೋಮೀಟರ್. ಟ್ರಾಫಿಕ್‌ನಲ್ಲಿ 40 ನಿಮಿಷ, ಅರ್ಧ ಹೊತ್ತು ಸಿಗ್ನಲ್‌ನಲ್ಲೇ. ಇದನ್ನ ಶೋರೂಮ್‌ನಲ್ಲಿ ಮೊದಲ ದಿನಾನೇ ಹೇಳಿದ್ದೆ. ಸೇಲ್ಸ್‌ನವನು 'ಡೀಸೆಲ್ಲೇ ತಗೊಳ್ಳಿ ಸಾರ್, ಮೈಲೇಜ್ ಚೆನ್ನಾಗಿದೆ, ಪಿಕಪ್ ಸೂಪರ್' ಅಂದ. ಸನ್‌ರೂಫ್ ಬಗ್ಗೆ ಅರ್ಧ ಗಂಟೆ ಮಾತಾಡಿದ, ಡಿಪಿಎಫ್ ಅನ್ನೋ ಮೂರಕ್ಷರ ಅವನ ಬಾಯಿಂದ ಬರಲೇ ಇಲ್ಲ.

ಆ ಫಿಲ್ಟರ್ ಒಳಗೆ ಜೇನುಗೂಡಿನ ತರ ಸಣ್ಣ ಸಣ್ಣ ಕೊಳವೆ, ಒಂದರ ಬಾಯಿ ಮುಂದೆ ಮುಚ್ಚಿದ್ರೆ ಪಕ್ಕದ್ದು ಹಿಂದೆ ಮುಚ್ಚಿರುತ್ತೆ, ಹೊಗೆ ಗೋಡೆ ತೂರಿಕೊಂಡೇ ಆಚೆ ಬರಬೇಕು, ಮಸಿ ಅಲ್ಲೇ ಉಳಿಯುತ್ತೆ. ತುಂಬಿದ್ಮೇಲೆ ಅದನ್ನ ಸುಡೋಕೆ 600 ಡಿಗ್ರಿ ಹತ್ರ ಬಿಸಿ ಬೇಕು. ಹೈವೇಲಿ ಒಂದೇ ಸ್ಪೀಡಲ್ಲಿ ಹೋಗೋರಿಗೆ ಇದೆಲ್ಲ ಗೊತ್ತೇ ಆಗಲ್ಲ, ಆದ್ರೆ ನನ್ನ ಗಾಡಿ ಇಂಜಿನ್ ಬಿಸಿಯಾಗೋ ಹೊತ್ತಿಗೆ ಆಫೀಸ್ ಬಂದಿರುತ್ತೆ. ಆಗ ಗಾಡಿ ತಾನೇ ಜಾಸ್ತಿ ಡೀಸೆಲ್ ಬಿಟ್ಟು ಸುಡೋಕೆ ಶುರು ಮಾಡುತ್ತೆ, ಐಡಲ್ ಆರ್‌ಪಿಎಮ್ ಏರುತ್ತೆ, ನಾನು ಗೊತ್ತಿಲ್ದೆ ಪಾರ್ಕ್ ಮಾಡಿ ಆಫ್ ಮಾಡ್ತೀನಿ, ಫ್ಯಾನ್ ಮಾತ್ರ ಜೋರಾಗಿ ಓಡ್ತಾ ಇರುತ್ತೆ, ಸುಟ್ಟ ವಾಸನೆ. ಹೀಗೆ ಅರ್ಧಕ್ಕೆ ನಿಂತು ನಿಂತು ಆ ಡೀಸೆಲ್ ಒಂದಿಷ್ಟು ಇಂಜಿನ್ ಆಯಿಲ್‌ಗೆ ಇಳಿದಿದೆ. ಡಿಪ್‌ಸ್ಟಿಕ್ ತೆಗೆದು ನೋಡಿದ್ರೆ ಆಯಿಲ್ ಮೇಲಿನ ಗೆರೆ ದಾಟಿದೆ! ಆಯಿಲ್ ಕಮ್ಮಿ ಆಗೋದು ಕೇಳಿದ್ದೆ, ಜಾಸ್ತಿ ಆಗೋದು ಇದೇ ಮೊದಲು ನೋಡಿದ್ದು. ತೆಳ್ಳಗಾದ ಆಯಿಲ್‌ನಲ್ಲಿ ಓಡಿಸಿದ್ರೆ ಬೇರಿಂಗ್, ಟರ್ಬೊ ಎಲ್ಲದಕ್ಕೂ ಕುತ್ತು, ಅದಕ್ಕೆ ಟೈಮ್‌ಗೆ ಮುಂಚೇನೇ ಆಯಿಲ್ ಚೇಂಜ್, ಅದೂ ಬೂದಿ ಕಮ್ಮಿ ಬಿಡೋ ದುಬಾರಿ ಆಯಿಲ್ಲೇ ಬೇಕು, ಯಾಕಂದ್ರೆ ಫಿಲ್ಟರ್‌ನಲ್ಲಿ ಮಸಿ ಸುಡಬಹುದು, ಆಯಿಲ್‌ನ ಬೂದಿ ಸುಡಲ್ಲ.

ಇಷ್ಟು ಬೈದೆ ಅಂತ ಡಿಪಿಎಫ್ಫೇ ಬೇಡ ಅಂತಲ್ಲ. ಗ್ಯಾರೇಜ್‌ನವನೊಬ್ಬ 'ಒಳಗಿರೋದು ಕಿತ್ತು ಹಾಕಿ ಸಾಫ್ಟ್‌ವೇರ್ ಚೇಂಜ್ ಮಾಡ್ಕೊಡ್ತೀನಿ ಸಾರ್, ಲೈಟೇ ಬರಲ್ಲ' ಅಂದ, ಅವನ ಮೇಲೂ ರೇಗಿದೆ. ನನ್ನ ಮಗನಿಗೆ ವೀಸಿಂಗ್ ಇದೆ, ನೆಬ್ಯುಲೈಸರ್ ಹಿಡ್ಕೊಂಡು ರಾತ್ರಿ ಎಲ್ಲ ಕೂತಿದ್ದೀನಿ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2012ರಲ್ಲೇ ಹೇಳಿದೆ. ಗಾಡಿ ಹೊಗೆಗೆ ಸರ್ಕಾರ ಹಾಕಿದ್ದ ಹಳೇ ಬಿಎಸ್4 ನಿಯಮದಲ್ಲಿ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಬಿಡೋಕೆ ಪರ್ಮಿಶನ್ ಇತ್ತು, 2020ರ ಏಪ್ರಿಲ್‌ನಿಂದ ಬಿಎಸ್6 ಬಂದ್ಮೇಲೆ 4.5. ಆ ಫಿಲ್ಟರ್ ಹಾಕಿದ್ದಕ್ಕೇ ಇದು ಸಾಧ್ಯ ಆಗಿದ್ದು. ಅದನ್ನ ಕಿತ್ತು ಆ ಮಸೀನ ಬೇರೆಯವರ ಮಕ್ಕಳ ಮೂಗಿಗೆ ಬಿಡೋ ಕೆಲಸ ನನ್ನಿಂದ ಆಗಲ್ಲ.

ನನ್ನ ಸಿಟ್ಟು ಮುಚ್ಚಿಟ್ಟು ಮಾರಿದ್ದಕ್ಕೆ. ದಿನಾ 6 ಕಿಲೋಮೀಟರ್ ಓಡಿಸೋನಿಗೆ ಪೆಟ್ರೋಲ್ ತಗೊಳ್ಳಿ ಅನ್ನೋಕೆ ಎಷ್ಟು ಹೊತ್ತು ಬೇಕು? ಈಗ ಸರ್ವೀಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಹಾಕಿ ಫೋರ್ಸ್ಡ್ ರೀಜನ್, ಅಂದ್ರೆ ಬಲವಂತವಾಗಿ ಮಸಿ ಸುಡಿಸೋದು, ಮಾಡ್ಬೇಕಂತೆ, ವಾರಂಟೀಲಿ ಬರಲ್ಲವಂತೆ, ದುಡ್ಡು ನಾನೇ ಕೊಡ್ಬೇಕಂತೆ. ಮ್ಯಾನ್ಯುಯಲ್‌ನಲ್ಲಿ ಬರೆದಿದೆ ಸಾರ್ ಅಂತಾರೆ. ಆ ಮ್ಯಾನ್ಯುಯಲ್ ಕೈಗೆ ಬಂದಿದ್ದು ಪೂರ್ತಿ ದುಡ್ಡು ಕಟ್ಟಿ ಗಾಡಿ ಡೆಲಿವರಿ ಆದ್ಮೇಲೆ ತಾನೇ! 'ಮಾರುವಾಗ ತಿಳಿಸಿಲ್ಲ' ಅಂತ ಜಾಬ್ ಕಾರ್ಡಲ್ಲಿ ಬರೀರಿ ಅಂದೆ. ಬರೀಲಿಲ್ಲ. 'ಕಸ್ಟಮರ್ ಓಡಿಸೋ ರೀತಿಯಿಂದ ಆದ ತೊಂದರೆ' ಅಂತ ಬರೆದು ಸೈನ್ ಮಾಡಿ ಅಂದ್ರು. ಮಾಡ್ದೆ ಎದ್ದು ಬಂದಿದ್ದೀನಿ.